ಹರಿಯುವ ನದಿಯಲ್ಲಿ ಟ್ರೌಟ್ ಮತ್ತು ಬಾಸ್ ಮೀನುಗಾರಿಕೆ: ಸಮಗ್ರ ಮಾರ್ಗದರ್ಶಿ

ನಿಂತ ನೀರಿನಲ್ಲಿ ಮೀನು ಆಹಾರವನ್ನು ಹುಡುಕಿಕೊಂಡು ಅಲೆಯುತ್ತದೆ; ಹರಿಯುವ ನೀರಿನಲ್ಲಿ ಮೀನು ಬಹುಮಟ್ಟಿಗೆ ಒಂದೆಡೆ ನೆಲೆ ನಿಂತಿರುತ್ತದೆ, ಆಹಾರವೇ ಅದರ ಬಳಿಗೆ ತೇಲಿ ಬರುತ್ತದೆ. ನದಿಯಲ್ಲಿ ಗಾಳ ಹಾಕುವವರು ಮೊದಲು ತಿಳಿಯಬೇಕಾದ ಸಂಗತಿ ಇದು. ಸೆಳವಿಗೆ ಎದುರಾಗಿ ಸುಮ್ಮನೆ ನಿಲ್ಲುವುದಕ್ಕೂ ಮೀನು ಶಕ್ತಿ ವ್ಯಯಿಸಬೇಕಾಗುತ್ತದೆ. ತಿಂದು ಗಳಿಸಿದ್ದಕ್ಕಿಂತ ಈಜಿ ಕಳೆದದ್ದು ಹೆಚ್ಚಾದರೆ ಅದು ಸೊರಗಿಹೋಗುತ್ತದೆ. ಹಾಗಾಗಿ ಮೈಗೆ ಸೆಳವು ತಟ್ಟದ, ಆದರೆ ಆಹಾರ ಹೊತ್ತು ತರುವ ಸೆಳವು ಪಕ್ಕದಲ್ಲೇ ಇರುವ, ಅಪಾಯ ಬಂದರೆ ತಕ್ಷಣ ಅಡಗಿಕೊಳ್ಳಲು ಆಳವೋ ಮರೆಯೋ ಇರುವ ಜಾಗವನ್ನೇ ಅದು ಆರಿಸಿಕೊಳ್ಳುತ್ತದೆ. ಕೋಲು, ದಾರ ಸುತ್ತುವ ರೀಲು, ಎರೆಗಳ ಆಯ್ಕೆಯೆಲ್ಲ ಇದರ ನಂತರದ ಮಾತು. ಉತ್ತಮ ಸಲಕರಣೆ ಹಿಡಿದು ಬರಿಯ ನೀರಿಗೆ ಎಸೆಯುವುದಕ್ಕಿಂತ ಸಾಧಾರಣ ಕೋಲಿನಿಂದ ಸರಿಯಾದ ಜಾಗಕ್ಕೆ ಎಸೆಯುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಬರಹದಲ್ಲಿ ನೀರನ್ನು ಓದುವ ಭಾಗ ಉಳಿದೆಲ್ಲಕ್ಕಿಂತ ದೀರ್ಘವಾಗಿರುವುದಕ್ಕೆ ಕಾರಣವೂ ಅದೇ.

ಮೊದಲ ಹೆಜ್ಜೆ: ಮೀನಿನ ಸ್ವಭಾವವನ್ನು ಅರಿಯುವುದು

ಟ್ರೌಟ್‌ಗಳಲ್ಲಿ ನದಿ ಮೀನುಗಾರರು ಹೆಚ್ಚಾಗಿ ಅರಸುವುದು ಮೂರು ಬಗೆಗಳನ್ನು. ಬ್ರೌನ್ ಟ್ರೌಟ್ ಮೂಲತಃ ಯುರೋಪ್, ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕೆಲವು ಭಾಗಗಳದ್ದು. ರೇನ್‌ಬೋ ಟ್ರೌಟ್ ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಗೆ ಇಳಿಯುವ ನದಿಗಳು ಹಾಗೂ ರಷ್ಯಾದ ಕಮ್ಚಾಟ್ಕಾ ಪ್ರದೇಶದ್ದು. ಬ್ರೂಕ್ ಟ್ರೌಟ್ ಪೂರ್ವ ಉತ್ತರ ಅಮೆರಿಕದ ತಣ್ಣನೆಯ ತೊರೆಗಳದ್ದು, ವರ್ಗೀಕರಣದ ಪ್ರಕಾರ ಅದು ಚಾರ್ ಮೀನುಗಳ ಗುಂಪಿಗೆ ಸೇರುತ್ತದೆ. ಬಾಸ್‌ಗಳಲ್ಲಿ ಹರಿಯುವ ನೀರಿಗೆ ಒಗ್ಗಿದ್ದು ಸ್ಮಾಲ್‌ಮೌತ್ ಬಾಸ್. ಲಾರ್ಜ್‌ಮೌತ್ ಬಾಸ್ ಕೂಡ ನದಿಗಳಲ್ಲಿ ಇರುತ್ತದೆಯಾದರೂ ಅದು ಸೆಳವಿಲ್ಲದ ಹಿನ್ನೀರು, ನೀರುಗಿಡಗಳು ದಟ್ಟವಾಗಿ ಬೆಳೆದ ಕೊಲ್ಲಿಗಳನ್ನು ಇಷ್ಟಪಡುತ್ತದೆ. ಇವೆರಡನ್ನು ಬಾಯಿ ನೋಡಿಯೇ ಗುರುತಿಸಬಹುದು: ಬಾಯಿ ಮುಚ್ಚಿದಾಗ ಮೇಲ್ದವಡೆಯ ತುದಿ ಕಣ್ಣಿನ ಹಿಂದಂಚನ್ನು ದಾಟಿದ್ದರೆ ಅದು ಲಾರ್ಜ್‌ಮೌತ್, ದಾಟದಿದ್ದರೆ ಸ್ಮಾಲ್‌ಮೌತ್. ಮೈಮೇಲೆ ಮಂಕಾದ ಲಂಬ ಪಟ್ಟೆಗಳಿರುವುದು ಸ್ಮಾಲ್‌ಮೌತ್. ಬದಿಯುದ್ದಕ್ಕೂ ಒಂದೇ ಕಪ್ಪು ಪಟ್ಟೆ ಎಳೆದಂತಿರುವುದು ಲಾರ್ಜ್‌ಮೌತ್.

ಇವುಗಳ ನಡವಳಿಕೆಯನ್ನು ಆಳುವುದು ನೀರಿನ ಉಷ್ಣತೆ. ಮೀನುಗಳ ಮೈಬಿಸಿ ನೀರಿನದೇ ಆದ್ದರಿಂದ, ನೀರು ತಣ್ಣಗಾದರೆ ಅವುಗಳ ಜೀರ್ಣಕ್ರಿಯೆಯೂ ಚಲನೆಯೂ ನಿಧಾನವಾಗುತ್ತವೆ. ಟ್ರೌಟ್ ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿ ಮೇಯುತ್ತದೆ; ಸ್ಮಾಲ್‌ಮೌತ್ ಬಾಸ್ 18ರಿಂದ 24 ಡಿಗ್ರಿಯಲ್ಲಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ: ಸಮುದ್ರಮಟ್ಟದಲ್ಲಿ 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 20 ಡಿಗ್ರಿಯ ನೀರು ಸುಮಾರು 9.1 ಮಿಲಿಗ್ರಾಂ ಮಾತ್ರ. ಉಷ್ಣತೆ ಏರಿದಾಗ ಮೀನಿನ ಆಮ್ಲಜನಕದ ಅಗತ್ಯ ಹೆಚ್ಚುತ್ತದೆ, ದೊರೆಯುವುದು ಮಾತ್ರ ತಗ್ಗುತ್ತದೆ. ಬೇಸಿಗೆಯ ಮಧ್ಯಾಹ್ನ ಟ್ರೌಟ್ ನೊರೆಗಟ್ಟಿ ಹರಿಯುವ ಕಲ್ಲುಜಾಗಗಳಿಗೂ, ತಣ್ಣನೆಯ ಒರತೆ ಅಥವಾ ಉಪತೊರೆ ಬಂದು ಸೇರುವ ಬಾಯಿಗಳಿಗೂ ಸರಿದುಹೋಗುವುದು ಈ ಕಾರಣಕ್ಕೇ. ಚೀಲದಲ್ಲಿ ಒಂದು ಉಷ್ಣಮಾಪಕ ಇಟ್ಟುಕೊಳ್ಳಿ, ನದಿಗೆ ಇಳಿದ ಕೂಡಲೇ ಅಳೆಯಿರಿ. ಅದೇ ನದಿಯ ಮೇಲ್ಭಾಗದಲ್ಲಿ ಟ್ರೌಟ್, ಕೆಳಗಿನ ಬೆಚ್ಚನೆಯ ಭಾಗದಲ್ಲಿ ಬಾಸ್ ಇರುವುದು ಎಷ್ಟೋ ಕಡೆ ಕಾಣಸಿಗುವ ಸಂಗತಿ. ಈ ದಿನ ಯಾವುದನ್ನು ಅರಸಬೇಕೆಂಬುದನ್ನು ಉಷ್ಣಮಾಪಕವೇ ತೀರ್ಮಾನಿಸಲಿ.

ಎರಡನೆಯ ಹೆಜ್ಜೆ: ಪರವಾನಗಿ ಮತ್ತು ನಿಯಮ

ಗಾಳ ಕಟ್ಟುವ ಮೊದಲು ಆ ನದಿಗೆ ಅನ್ವಯಿಸುವ ನಿಯಮಗಳನ್ನು ಓದಿಕೊಳ್ಳಬೇಕು. ಪರವಾನಗಿ, ಹಿಡಿಯಬಹುದಾದ ಕಾಲ, ಇಟ್ಟುಕೊಳ್ಳಬಹುದಾದ ಮೀನಿನ ಕನಿಷ್ಠ ಅಥವಾ ಗರಿಷ್ಠ ಉದ್ದ, ದಿನದ ಮಿತಿ, ಜೀವಂತ ಎರೆಯ ಬಳಕೆ, ಗಾಳದ ಮುಳ್ಳಿನ ಬಗೆಗಿನ ನಿರ್ಬಂಧ, ಇವೆಲ್ಲ ಒಂದು ನದಿಯಿಂದ ಇನ್ನೊಂದಕ್ಕೆ, ಕೆಲವೊಮ್ಮೆ ಅದೇ ನದಿಯ ಒಂದು ಸೇತುವೆಯಿಂದ ಇನ್ನೊಂದಕ್ಕೆ ಬದಲಾಗುತ್ತವೆ. ಜೊತೆಗೆ ಇನ್ನೊಂದು ಮಾತು. ಬ್ರೌನ್ ಟ್ರೌಟ್, ರೇನ್‌ಬೋ ಟ್ರೌಟ್ ಮತ್ತು ಲಾರ್ಜ್‌ಮೌತ್ ಬಾಸ್ ಮೂರೂ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಅನ್ಯಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿವೆ. ತಮ್ಮ ಮೂಲ ನೆಲೆಯಲ್ಲಿ ರಕ್ಷಣೆಗೆ ಅರ್ಹವಾದ ಇದೇ ಮೀನುಗಳು ಹೊರಗಿನ ನೀರಿಗೆ ಬಿಟ್ಟಾಗ ಅಲ್ಲಿನ ಸ್ಥಳೀಯ ಮೀನು, ಕಪ್ಪೆಗಳನ್ನು ತಿಂದು ಮುಗಿಸಬಲ್ಲವು. ಆದ್ದರಿಂದ ಹಿಡಿದ ಮೀನನ್ನು ಜೀವಂತವಾಗಿ ಒಂದು ನೀರಿನಿಂದ ಇನ್ನೊಂದು ನೀರಿಗೆ ಎಂದಿಗೂ ಸಾಗಿಸಬಾರದು.

ಮೂರನೆಯ ಹೆಜ್ಜೆ: ಸಲಕರಣೆ

ಹೊಸಬರಿಗೆ ಸ್ಪಿನ್ನಿಂಗ್ ಕೋಲು ಮತ್ತು ತೆರೆದ ಸುರುಳಿಯ ಸ್ಪಿನ್ನಿಂಗ್ ರೀಲು ಸೂಕ್ತ. ಟ್ರೌಟ್‌ಗೆ 1.8ರಿಂದ 2.1 ಮೀಟರ್ ಉದ್ದದ ಹಗುರವಾದ ಕೋಲು, 1000 ಅಥವಾ 2000 ಗಾತ್ರದ ರೀಲು, 2ರಿಂದ 3 ಕಿಲೋ ಭಾರ ತಾಳುವ ನೈಲಾನ್ ದಾರ ಸಾಕು. ಸ್ಮಾಲ್‌ಮೌತ್ ಬಾಸ್‌ಗೆ 2 ಮೀಟರ್ ಆಸುಪಾಸಿನ, ತುಸು ಗಡುಸಾದ ಕೋಲು, 2500 ಗಾತ್ರದ ರೀಲು ಮತ್ತು 3ರಿಂದ 4.5 ಕಿಲೋ ತಾಳುವ ದಾರ ಬೇಕು. ಎರಡಕ್ಕೂ ಒಂದೇ ಕೋಲು ಸಾಕೆನ್ನುವವರು 2 ಮೀಟರಿನ, ಹಗುರಕ್ಕೂ ಮಧ್ಯಮಕ್ಕೂ ನಡುವಣ ಕೋಲನ್ನು ಆರಿಸಿಕೊಂಡು, 3 ಕಿಲೋ ದಾರ ಸುತ್ತಿಕೊಳ್ಳಬಹುದು.

ದಾರದ ವಿಚಾರದಲ್ಲಿ ಸ್ವಲ್ಪ ನಿಲ್ಲೋಣ. ನೈಲಾನ್ ಹಿಗ್ಗುತ್ತದೆ, ಈ ಗುಣ ಟ್ರೌಟ್‌ನ ಮೃದುವಾದ ಬಾಯಿಯಿಂದ ಗಾಳ ಕಿತ್ತುಬರದಂತೆ ಕಾಯುತ್ತದೆ. ಹೆಣೆದ ದಾರ ಹಿಗ್ಗುವುದಿಲ್ಲ, ತಳದಲ್ಲಿ ಏನು ತಾಗಿದರೂ ಬೆರಳಿಗೆ ತಿಳಿಸುತ್ತದೆ, ಆದರೆ ತಿಳಿನೀರಿನಲ್ಲಿ ಎದ್ದು ಕಾಣುತ್ತದೆ. ಫ್ಲೋರೋಕಾರ್ಬನ್ ದಾರ ಬೆಳಕನ್ನು ಬಾಗಿಸುವ ಪ್ರಮಾಣ ನೀರಿನದಕ್ಕೆ ಹತ್ತಿರವಿರುವುದರಿಂದ ಅದು ನೀರಿನಲ್ಲಿ ಕಡಿಮೆ ಕಾಣುತ್ತದೆ, ನೈಲಾನಿಗಿಂತ ಸಾಂದ್ರವಾದ್ದರಿಂದ ಬೇಗ ಮುಳುಗುತ್ತದೆ. ಬಾಸ್‌ಗೆ ಹೆಣೆದ ದಾರವನ್ನು ರೀಲಿಗೆ ಸುತ್ತಿ, ಅದರ ತುದಿಗೆ ಒಂದೂವರೆ ಮೀಟರ್ ಫ್ಲೋರೋಕಾರ್ಬನ್ ಕಟ್ಟುವ ಕ್ರಮ ಈ ಎರಡರ ಗುಣವನ್ನೂ ಕೊಡುತ್ತದೆ. ಟ್ರೌಟ್‌ಗೆ ನಾನು ಸಾದಾ ನೈಲಾನನ್ನೇ ಶಿಫಾರಸು ಮಾಡುತ್ತೇನೆ.

ಎರೆಗಳ ಪೆಟ್ಟಿಗೆ ದೊಡ್ಡದಾಗಿರಬೇಕಿಲ್ಲ. ಟ್ರೌಟ್‌ಗೆ 2ರಿಂದ 5 ಗ್ರಾಂ ತೂಕದ, ತಗಡಿನ ಎಲೆ ತಿರುಗುವ ಸ್ಪಿನ್ನರ್‌ಗಳು ನಾಲ್ಕಾರು, ಚಮಚದಂತೆ ಬಾಗಿದ ತಗಡಿನ ಸಣ್ಣ ಸ್ಪೂನ್‌ಗಳು ಒಂದೆರಡು, 5 ಸೆಂಟಿಮೀಟರ್ ಉದ್ದದ ಮೀನಿನಾಕಾರದ ಎರೆ ಒಂದೆರಡು. ಬಾಸ್‌ಗೆ 3.5ರಿಂದ 7 ಗ್ರಾಂ ತೂಕದ, ತಲೆಗೆ ಲೋಹದ ಗುಂಡು ಅಂಟಿದ ಜಿಗ್ ಗಾಳಗಳು, ಅವಕ್ಕೆ ಪೋಣಿಸಲು ಕಂದು ಮತ್ತು ಪಾಚಿ ಹಸಿರು ಬಣ್ಣದ ಮೆತ್ತನೆಯ ಪ್ಲಾಸ್ಟಿಕ್ ಎರೆಗಳು, ತಳ ಮುಟ್ಟುವಂತೆ ಮುಳುಗಿ ಸಾಗುವ, ಮೀನಿನಾಕಾರದ ಗಟ್ಟಿ ಎರೆಯಾದ ಕ್ರ್ಯಾಂಕ್‌ಬೇಟ್ ಮತ್ತು ಮುಂಜಾನೆಗೆಂದು ನೀರಿನ ಮೇಲೆ ತೇಲುವ ಒಂದು ಎರೆ. ಕಂದು ಬಣ್ಣಕ್ಕೆ ಕಾರಣವಿದೆ: ಕಲ್ಲುತಳದ ನದಿಗಳಲ್ಲಿ ಸ್ಮಾಲ್‌ಮೌತ್‌ನ ಮುಖ್ಯ ಆಹಾರಗಳಲ್ಲಿ ಒಂದು ಸೀಗಡಿಯಂಥ ಸಿಹಿನೀರಿನ ಪ್ರಾಣಿ ಕ್ರೇಫಿಶ್, ಅದರ ಬಣ್ಣವೂ ಬಹುತೇಕ ಇದೇ. ಎರೆಹುಳು ಬಳಸಲು ಅನುಮತಿ ಇರುವಲ್ಲಿ 8ರಿಂದ 10ನೆಯ ಸಂಖ್ಯೆಯ ಗಾಳಗಳನ್ನೂ ಸಣ್ಣ ತೂಕದ ಗುಂಡುಗಳನ್ನೂ ಇಟ್ಟುಕೊಳ್ಳಬಹುದು; ಗಾಳದ ಸಂಖ್ಯೆ ಹೆಚ್ಚಿದಷ್ಟೂ ಗಾಳ ಚಿಕ್ಕದು ಎಂಬುದು ನೆನಪಿರಲಿ. ಸೀಸದ ಗುಂಡನ್ನು ನುಂಗಿದ ನೀರುಹಕ್ಕಿಗಳು ವಿಷವೇರಿ ಸಾಯುತ್ತವೆ. ತವರದ ಅಥವಾ ಟಂಗ್‌ಸ್ಟನ್ ಗುಂಡುಗಳನ್ನೇ ಕೊಳ್ಳಿ.

ಇವುಗಳ ಜೊತೆಗೆ ಉದ್ದ ಮೂತಿಯ ಇಕ್ಕಳ, ದಾರ ಕತ್ತರಿಸುವ ಕತ್ತರಿ, ರಬ್ಬರ್ ಕಣ್ಣಿನ ಕೈಬಲೆ ಮತ್ತು ಪೋಲರಾಯ್ಡ್ ಕನ್ನಡಕ ಬೇಕೇ ಬೇಕು. ಈ ಕನ್ನಡಕ ನೀರಿನ ಮೇಲಿನ ಹೊಳಪನ್ನು ತೆಗೆದು ತಳವನ್ನು ತೋರಿಸುತ್ತದೆ, ತಪ್ಪಿ ಹಾರಿಬಂದ ಗಾಳದಿಂದ ಕಣ್ಣನ್ನೂ ಕಾಯುತ್ತದೆ. ಹೊರಡುವ ಮೊದಲು ಇಕ್ಕಳದಿಂದ ಪ್ರತಿ ಗಾಳದ ಹಿಮ್ಮುಳ್ಳನ್ನು ಅದುಮಿ ಚಪ್ಪಟೆ ಮಾಡಿಬಿಡಿ. ದಾರವನ್ನು ಸಡಿಲ ಬಿಡದಿದ್ದರೆ ಮೀನು ತಪ್ಪುವುದಿಲ್ಲ. ಬಿಡಿಸುವಾಗಲಂತೂ ಮೀನಿಗೂ ನಿಮ್ಮ ಬೆರಳಿಗೂ ಇದರಿಂದ ಬಹಳ ಉಪಕಾರ.

ನಾಲ್ಕನೆಯ ಹೆಜ್ಜೆ: ಗಂಟು ಮತ್ತು ಡ್ರ್ಯಾಗ್

ನೈಲಾನಿಗೆ ಕ್ಲಿಂಚ್ ಗಂಟು ಕಲಿತರೆ ಸಾಕು. ದಾರದ ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಮುಖ್ಯ ದಾರದ ಸುತ್ತ ಐದಾರು ಸುತ್ತು ಹಾಕಿ, ಕಣ್ಣಿನ ಪಕ್ಕದಲ್ಲಿ ಉಂಟಾದ ಸಣ್ಣ ಕುಣಿಕೆಯೊಳಗೆ ತುದಿಯನ್ನು ತೂರಿಸಿ, ಅನಂತರ ಹೊಸದಾಗಿ ಉಂಟಾದ ದೊಡ್ಡ ಕುಣಿಕೆಯಲ್ಲಿಯೂ ತೂರಿಸಿರಿ. ಬಿಗಿಯುವ ಮೊದಲು ಗಂಟನ್ನು ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಬೇಕು. ಒಣ ದಾರ ಉಜ್ಜುವಾಗ ಹುಟ್ಟುವ ಬಿಸಿಗೆ ನೈಲಾನ್ ಅಲ್ಲೇ ದುರ್ಬಲವಾಗುತ್ತದೆ. ಹೆಣೆದ ದಾರವನ್ನು ನೇರವಾಗಿ ಗಾಳಕ್ಕೆ ಕಟ್ಟುವುದಾದರೆ ಅದು ಜಾರುವ ಗುಣದ್ದಾದ್ದರಿಂದ ಪಾಲೊಮಾರ್ ಗಂಟು ಒಳ್ಳೆಯದು, ಎರಡು ದಾರಗಳನ್ನು ಕೂಡಿಸಲು ಎರಡು ಯೂನಿ ಗಂಟುಗಳು. ಕಲ್ಲಿಗೆ ಉಜ್ಜಿದ ದಾರದ ಕೊನೆಯ ಅರ್ಧ ಮೀಟರನ್ನು ಆಗಾಗ ಬೆರಳಾಡಿಸಿ ನೋಡಿ. ತರಿತರಿಯಾಗಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಿ.

ರೀಲಿನ ಡ್ರ್ಯಾಗ್ ಎಂದರೆ ಮೀನು ಜೋರಾಗಿ ಎಳೆದಾಗ ದಾರವನ್ನು ತಡೆತಡೆದು ಬಿಟ್ಟುಕೊಡುವ ವ್ಯವಸ್ಥೆ. ದಾರ ತಾಳುವ ಭಾರದ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಎಳೆತಕ್ಕೆ ಅದು ಬಿಡುವಂತಿರಬೇಕು. 3 ಕಿಲೋ ದಾರವಾದರೆ ಮುಕ್ಕಾಲರಿಂದ ಒಂದು ಕಿಲೋ. ಇದನ್ನು ದಡದಲ್ಲಿಯೇ ಕೈಯಿಂದ ಎಳೆದು ಸರಿಪಡಿಸಿಕೊಳ್ಳಿ, ಮೀನು ಸಿಕ್ಕಿಕೊಂಡ ಮೇಲೆ ತಿರುಗಿಸಲು ಹೋಗಬೇಡಿ.

ಐದನೆಯ ಹೆಜ್ಜೆ: ನೀರನ್ನು ಓದುವುದು

ದಡಕ್ಕೆ ಬಂದ ಕೂಡಲೇ ಎಸೆಯಲು ಶುರು ಮಾಡದೆ, ಎತ್ತರದ ಜಾಗದಿಂದ ಕೆಲವು ನಿಮಿಷ ನದಿಯನ್ನು ನೋಡಬೇಕು. ಹೆಚ್ಚಿನ ಕಲ್ಲುತಳದ ನದಿಗಳಲ್ಲಿ ಒಂದೇ ವಿನ್ಯಾಸ ಮರುಕಳಿಸುತ್ತಿರುತ್ತದೆ. ಕಲ್ಲುಗಳ ಮೇಲೆ ಕಲಕಿ, ನೊರೆಯೆದ್ದು ಹರಿಯುವ ಆಳವಿಲ್ಲದ ಭಾಗ ಮೊದಲು. ಅದು ಇಳಿದು, ಸಮನಾಗಿ ವೇಗವಾಗಿ ಸಾಗುವ ಮಧ್ಯಮ ಆಳದ ಹರಿವು ಅನಂತರ. ಅದರ ಕೆಳಗೆ ಮಡು. ಮಡುವಿನ ಬಾಲದಲ್ಲಿ ತಳ ಮತ್ತೆ ಮೇಲೆದ್ದು, ನೀರು ತೆಳುವಾಗಿ ಹರಡಿ, ಮುಂದಿನ ಕಲ್ಲುಜಾಗಕ್ಕೆ ಇಳಿಯುತ್ತದೆ.

ಕಲ್ಲುಜಾಗವೇ ನದಿಯ ಅಡುಗೆಮನೆ. ಬೆಳಕು ತಳ ಮುಟ್ಟುವುದರಿಂದ ಕಲ್ಲುಗಳ ಮೇಲೆ ಪಾಚಿ ಬೆಳೆಯುತ್ತದೆ, ಅದನ್ನು ಮೇಯುವ ಮೇಫ್ಲೈ, ಕ್ಯಾಡಿಸ್, ಸ್ಟೋನ್‌ಫ್ಲೈ ಮುಂತಾದ ಕೀಟಗಳ ಮರಿಗಳು ಕಲ್ಲಿನಡಿಯಲ್ಲಿ ಕಿಕ್ಕಿರಿದಿರುತ್ತವೆ, ಅವುಗಳಲ್ಲಿ ಕೆಲವು ಹಿಡಿತ ತಪ್ಪಿ ಸದಾ ಕೆಳಗೆ ತೇಲಿಹೋಗುತ್ತಿರುತ್ತವೆ. ನೀರು ಮಡುವಿಗೆ ಇಳಿಯುವ ತಲೆಭಾಗದಲ್ಲಿ, ಸರಿಯಾಗಿ ಆ ಆಳದ ಅಂಚಿನಲ್ಲಿ, ಟ್ರೌಟ್ ಕಾದು ನಿಂತಿರುವುದು ಈ ತೇಲಿಬರುವ ಆಹಾರಕ್ಕಾಗಿ. ಕೈಯಳತೆಯ ಒಂದು ಕಲ್ಲನ್ನು ಮೆಲ್ಲಗೆ ಮಗುಚಿ ಅಡಿಯಲ್ಲಿ ಯಾವ ಹುಳು ಎಷ್ಟು ದೊಡ್ಡದಿದೆ ಎಂದು ನೋಡಿಕೊಂಡು, ಕಲ್ಲನ್ನು ಮೊದಲಿದ್ದಂತೆಯೇ ಇಟ್ಟರೆ, ಯಾವ ಗಾತ್ರದ ಎರೆ ಬೇಕೆಂಬ ಅಂದಾಜು ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಹುಡುಕಬೇಕಾದದ್ದು ವೇಗದ ನೀರೂ ನಿಧಾನದ ನೀರೂ ಒಂದಕ್ಕೊಂದು ತಾಗುವ ಗೆರೆ. ನೊರೆಗುಳ್ಳೆಗಳು, ಒಣಎಲೆಗಳು ಸಾಲಾಗಿ ಸಾಗುವುದನ್ನು ಗಮನಿಸಿದರೆ ಈ ಗೆರೆ ಕಣ್ಣಿಗೆ ಬೀಳುತ್ತದೆ. ನೊರೆ ಸಾಗುವ ದಾರಿಯಲ್ಲೇ ಆಹಾರವೂ ಸಾಗುತ್ತದೆ. ಮೀನು ನಿಧಾನದ ನೀರಿನ ಬದಿಯಲ್ಲಿ ನಿಂತು, ವೇಗದ ನೀರಿನಲ್ಲಿ ಬಂದದ್ದನ್ನು ಒಂದೇ ನೆಗೆತಕ್ಕೆ ಹಿಡಿದು ಮರಳುತ್ತದೆ. ಬಂಡೆಗಳ ವಿಚಾರದಲ್ಲಿ ಹೊಸಬರು ಬಂಡೆಯ ಹಿಂದಿನ ನಿಶ್ಚಲ ನೀರಿಗೆ ಮಾತ್ರ ಎಸೆಯುವುದುಂಟು. ಬಂಡೆಯ ಮುಂಭಾಗದಲ್ಲಿಯೂ ನೀರು ಅಪ್ಪಳಿಸಿ ಹಿಂದೆ ಒತ್ತುವುದರಿಂದ ಸೆಳವು ಸತ್ತ ಒಂದು ಸಣ್ಣ ಜಾಗ ಇರುತ್ತದೆ, ತಳದಲ್ಲಿ ಸವೆದ ತಗ್ಗೂ ಇರುತ್ತದೆ. ಆಹಾರವನ್ನು ಮೊದಲು ಕಾಣುವ ಜಾಗ ಅದಾದ್ದರಿಂದ ಒಳ್ಳೆಯ ಟ್ರೌಟ್ ಅನೇಕ ವೇಳೆ ಅಲ್ಲೇ ನಿಂತಿರುತ್ತದೆ. ಮೊದಲ ಎಸೆತ ಮುಂದಕ್ಕೆ, ಎರಡನೆಯದು ಎರಡೂ ಪಕ್ಕದ ಗೆರೆಗಳಿಗೆ, ಹಿಂಭಾಗಕ್ಕೆ ಕೊನೆಯದು.

ತಿರುವಿನಲ್ಲಿ ಹರಿವು ಹೊರದಡವನ್ನು ಕೊರೆಯುತ್ತದೆ. ಅಲ್ಲಿ ಆಳವೂ ಇರುತ್ತದೆ, ದಡದ ಕೆಳಗೆ ಟೊಳ್ಳೂ ಇರುತ್ತದೆ, ಬೇರುಗಳು ಇಳಿಬಿದ್ದಿರುತ್ತವೆ. ದೊಡ್ಡ ಬ್ರೌನ್ ಟ್ರೌಟ್ ಹಗಲೆಲ್ಲ ಇಂಥ ಕತ್ತಲೆಯಲ್ಲಿ ಅಡಗಿದ್ದು, ಸಂಜೆ ಮಬ್ಬಾದ ಮೇಲೆ ಮಡುವಿನ ಬಾಲದ ತೆಳುನೀರಿಗೆ ಸಣ್ಣಮೀನುಗಳನ್ನು ಅರಸಿ ಹೊರಡುತ್ತದೆ. ಸ್ಮಾಲ್‌ಮೌತ್‌ಗೆ ಕೆಸರುತಳ ಹಿಡಿಸದು. ಮುಷ್ಟಿಗಾತ್ರದಿಂದ ತಲೆಗಾತ್ರದವರೆಗಿನ ಕಲ್ಲುಗಳಿರುವ ತಳ, ನೀರಿಗೆ ಬಿದ್ದ ಮರದ ದಿಮ್ಮಿ, ಸೇತುವೆಯ ಕಂಬದ ಬುಡ, ದಡದಿಂದ ಚಾಚಿದ ಬಂಡೆಯ ಹಿಂದೆ ಸುತ್ತುವ ಸುಳಿ, ಇವು ಅದರ ನೆಲೆಗಳು. ನೀರು ಚಳಿಗಾಲದಲ್ಲಿ 10 ಡಿಗ್ರಿಗಿಂತ ಕೆಳಗಿಳಿದಾಗ ಸ್ಮಾಲ್‌ಮೌತ್‌ಗಳು ಆಳದ, ಸೆಳವಿಲ್ಲದ ಮಡುಗಳಿಗೆ ಇಳಿದು ಗುಂಪುಗೂಡುತ್ತವೆ, ತೀರ ಕಡಿಮೆ ತಿನ್ನುತ್ತವೆ.

ಮಳೆ ಬಂದು ನೀರು ಏರಿ ಬಣ್ಣ ಕದಡಿದರೆ ನಿರಾಶರಾಗಬೇಕಿಲ್ಲ. ನಡುಹೊಳೆಯ ಸೆಳವು ತಾಳಲಾರದೆ ಮೀನುಗಳು ದಡದ ಅಂಚಿಗೆ ಬಂದಿರುತ್ತವೆ, ಆದ್ದರಿಂದ ದೂರ ಎಸೆಯದೆ ಕಾಲಬುಡದ ನೀರಿನಿಂದಲೇ ಶುರು ಮಾಡಬೇಕು, ಎರೆಯೂ ತುಸು ದೊಡ್ಡದಾಗಿ, ಗಾಢ ಬಣ್ಣದ್ದಾಗಿ, ನೀರನ್ನು ಹೆಚ್ಚು ಅಲುಗಿಸುವಂಥದ್ದಾಗಿ ಇರಬೇಕು. ಕದಡಿದ ನೀರಿನಲ್ಲಿ ಮೀನು ಕಣ್ಣಿಗಿಂತ ಮೈಬದಿಯ ಸ್ಪರ್ಶರೇಖೆಯಿಂದ ಅಲುಗಾಟವನ್ನು ಗ್ರಹಿಸಿ ಬೇಟೆಯಾಡುತ್ತದೆ.

ಆರನೆಯ ಹೆಜ್ಜೆ: ಹತ್ತಿರ ಸಾಗುವುದು, ನೀರಿಗಿಳಿಯುವುದು

ಮೀನು ಸೆಳವಿಗೆ ಮುಖ ಮಾಡಿ ನಿಂತಿರುತ್ತದೆ, ಆದ್ದರಿಂದ ಕೆಳಗಿನಿಂದ ಮೇಲಕ್ಕೆ, ಅಂದರೆ ಅದರ ಬೆನ್ನ ಹಿಂದಿನಿಂದ ಸಾಗುವುದು ಉತ್ತಮ. ನೀರಿನೊಳಗಿನಿಂದ ಹೊರಜಗತ್ತು ಮೀನಿಗೆ ತಲೆಯ ಮೇಲಿನ ಒಂದು ದುಂಡು ಕಿಂಡಿಯಲ್ಲಿ ಮಾತ್ರ ಕಾಣುತ್ತದೆ. ಬೆಳಕಿನ ವಕ್ರೀಭವನದಿಂದ ಉಂಟಾಗುವ ಈ ಕಿಂಡಿಯ ಕೋನ ಸುಮಾರು 97 ಡಿಗ್ರಿ. ಒಂದು ಮೀಟರ್ ಆಳದಲ್ಲಿರುವ ಮೀನಿಗೆ ಕಿಂಡಿಯ ವ್ಯಾಸ ಸುಮಾರು 2.25 ಮೀಟರ್. ನೆಲಕ್ಕೆ ಹತ್ತಿರವಿರುವ ವಸ್ತುಗಳೆಲ್ಲ ಆ ಕಿಂಡಿಯ ಅಂಚಿನಲ್ಲಿ ಅಮುಕಿಹೋಗಿ ಅಸ್ಪಷ್ಟವಾಗುತ್ತವೆ. ಬಗ್ಗಿ ನಡೆಯಿರಿ, ಮಂಡಿಯೂರಿ ಎಸೆಯಿರಿ, ಆಗಸಕ್ಕೆ ಎದುರಾಗಿ ನಿಲ್ಲಬೇಡಿ, ನೆರಳನ್ನು ನೀರಿಗೆ ಬೀಳಿಸಬೇಡಿ. ಮೀನು ಇರುವ ಆಳವನ್ನು ಅಂದಾಜಿಸುವಾಗಲೂ ಇದೇ ವಕ್ರೀಭವನ ಮೋಸಮಾಡುತ್ತದೆ: ನಿಜವಾದ ಆಳ ನೇರವಾಗಿ ಮೇಲಿನಿಂದ ನೋಡಿದಾಗ ಕಾಣುವುದಕ್ಕಿಂತ ಮೂರನೆಯ ಒಂದು ಭಾಗದಷ್ಟು ಹೆಚ್ಚು. ನೀರಿಗೆ ಕಾಲಿಡುವ ಜಾಗದಲ್ಲಿಯೂ ಈ ಲೆಕ್ಕ ನೆನಪಿರಲಿ.

ನೀರಿಗಿಳಿಯುವುದು ಅನಿವಾರ್ಯವಾದಾಗ ಮಾತ್ರ ಇಳಿಯಿರಿ. ನೀರು ಒಳಬಾರದ, ಕಾಲಿನಿಂದ ಎದೆಯವರೆಗಿನ ಉಡುಪಾದ ವೇಡರ್ ತೊಟ್ಟಿದ್ದರೆ ಸೊಂಟದ ಪಟ್ಟಿಯನ್ನು ಬಿಗಿಯಾಗಿ ಕಟ್ಟಬೇಕು. ಬಿದ್ದರೆ ಒಳಗೆ ನೀರು ತುಂಬುವುದನ್ನು ಅದು ತಡೆಯುತ್ತದೆ. ಊರುಗೋಲನ್ನು ಮೇಲ್ಬದಿಗೆ ಊರಿ, ಮೈಯ ಪಕ್ಕವನ್ನು ಮಾತ್ರ ಸೆಳವಿಗೆ ಒಡ್ಡಿ, ಒಂದು ಕಾಲು ಗಟ್ಟಿಯಾಗಿ ನಿಂತ ಮೇಲೆಯೇ ಇನ್ನೊಂದನ್ನು ತಳ ಸವರುತ್ತ ಸರಿಸಬೇಕು, ಕಾಲುಗಳನ್ನು ಕತ್ತರಿಯಾಗಿಸಬಾರದು. ವೇಗದ ನೀರು ತೊಡೆ ದಾಟಿದರೆ ಹಿಂದಿರುಗಿ. ಸೆಳವು ಎಳೆದೊಯ್ದರೆ ಎದ್ದು ನಿಲ್ಲಲು ಹೆಣಗಬೇಡಿ, ಏಕೆಂದರೆ ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುವುದೇ ದೊಡ್ಡ ಅಪಾಯ. ಅಂಗಾತ ಮಲಗಿ, ಪಾದಗಳನ್ನು ಮುಂದೆ ಮೇಲೆತ್ತಿಟ್ಟು, ತೇಲುತ್ತಲೇ ದಡದತ್ತ ಓರೆಯಾಗಿ ಕೈಬೀಸಿ ಸಾಗಬೇಕು. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಮಬ್ಬಾಗುವುದು, ಕಡ್ಡಿಕಸ ತೇಲಿಬರಲು ತೊಡಗುವುದು, ಮೇಲ್ಭಾಗದಲ್ಲಿ ಮಳೆ ಸುರಿದಿದೆ ಅಥವಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ ಎಂಬುದರ ಸೂಚನೆ. ತಕ್ಷಣ ದಡ ಸೇರಿ. ಗುಡುಗು ಕೇಳಿದರೆ ಕೋಲನ್ನು ಕೆಳಗಿಟ್ಟು ನೀರಿನಿಂದ ದೂರ ಹೋಗಬೇಕು. ಕಾರ್ಬನ್ ನಾರಿನ ಕೋಲು ವಿದ್ಯುತ್ತನ್ನು ಹರಿಸುತ್ತದೆ.

ಮೊಟ್ಟೆಯಿಡುವ ಕಾಲದಲ್ಲಿ ಕಾಲಿಡುವ ಜಾಗದ ಬಗ್ಗೆ ಇನ್ನೂ ಎಚ್ಚರ ಬೇಕು. ಬ್ರೌನ್ ಟ್ರೌಟ್ ಶರತ್ಕಾಲದಲ್ಲಿ, ರೇನ್‌ಬೋ ಸಾಮಾನ್ಯವಾಗಿ ವಸಂತದಲ್ಲಿ ಗರಸುತಳವನ್ನು ಬಾಲದಿಂದ ಗುಡಿಸಿ ಮೊಟ್ಟೆ ಹೂಳುತ್ತವೆ. ಸುತ್ತಲಿನ ತಳಕ್ಕಿಂತ ಬೆಳ್ಳಗೆ, ಅಂಡಾಕಾರವಾಗಿ ಕಾಣುವ ಅಂಥ ತಾಣಗಳ ಮೇಲೆ ಕಾಲಿಟ್ಟರೆ ಮೊಟ್ಟೆಗಳು ನಾಶವಾಗುತ್ತವೆ.

ಏಳನೆಯ ಹೆಜ್ಜೆ: ಎಸೆಯುವುದು, ಆಡಿಸುವುದು

ಟ್ರೌಟ್‌ಗೆ ಸ್ಪಿನ್ನರ್ ಬಳಸುವಾಗ ಮೇಲಕ್ಕೂ ಅಡ್ಡಕ್ಕೂ ನಡುವಣ ಓರೆಯಲ್ಲಿ, ಮೀನು ಇರಬಹುದಾದ ಜಾಗಕ್ಕಿಂತ ಎರಡು ಮೂರು ಮೀಟರ್ ಮೇಲಕ್ಕೆ ಎಸೆಯಿರಿ. ನೀರಿಗೆ ಬಿದ್ದ ಕೂಡಲೇ ದಾರದ ಸಡಿಲ ತೆಗೆದು, ಹರಿವಿಗಿಂತ ತುಸುವೇ ವೇಗವಾಗಿ ಸುತ್ತಬೇಕು. ಎಲೆ ತಿರುಗುವ ನಡುಕ ಕೋಲಿನ ತುದಿಯಲ್ಲಿ ತಿಳಿಯುತ್ತಿರಬೇಕು, ಅದಕ್ಕಿಂತ ವೇಗ ಬೇಡ. ಹತ್ತಿರದ ನೀರಿನಿಂದ ಆರಂಭಿಸಿ ಬೀಸಣಿಗೆಯಾಕಾರದಲ್ಲಿ ದೂರಕ್ಕೆ ಎಸೆಯುತ್ತ ಹೋದರೆ, ಒಂದು ಮೀನನ್ನು ಹಿಡಿಯುವಾಗ ಇನ್ನೊಂದನ್ನು ಬೆದರಿಸಿದಂತಾಗುವುದಿಲ್ಲ. ಒಂದೇ ಜಾಗಕ್ಕೆ ನಾಲ್ಕಾರು ಒಳ್ಳೆಯ ಎಸೆತ ಸಾಕು. ಕಚ್ಚುವ ಟ್ರೌಟ್ ಸಾಮಾನ್ಯವಾಗಿ ಮೊದಲ ಕೆಲವು ಎಸೆತಗಳಲ್ಲೇ ಕಚ್ಚುತ್ತದೆ.

ಎರೆಹುಳುವನ್ನೋ ನಿಂಫ್ ಎನ್ನುವ ಕೃತಕ ಕೀಟವನ್ನೋ ತೇಲಿಬಿಡುವ ಕ್ರಮದಲ್ಲಿ ಯಶಸ್ಸೆಲ್ಲ ಒಂದೇ ಅಂಶದ ಮೇಲೆ ನಿಂತಿದೆ: ಎರೆ ಯಾವ ಎಳೆತವೂ ಇಲ್ಲದೆ, ಸೆಳವಿನದೇ ವೇಗದಲ್ಲಿ, ತಳಕ್ಕೆ ಹತ್ತಿರವಾಗಿ ಸಾಗಬೇಕು. ದಾರ ಬಾಗಿ ಎರೆಯನ್ನು ಅಡ್ಡಕ್ಕೆ ಎಳೆದರೆ ಟ್ರೌಟ್ ಅದನ್ನು ಮುಟ್ಟುವುದಿಲ್ಲ. ಕೋಲಿನ ತುದಿಯನ್ನು ಎತ್ತರದಲ್ಲಿ ಹಿಡಿದು ನೀರಿನ ಮೇಲೆ ಬೀಳುವ ದಾರವನ್ನು ಕಡಿಮೆ ಮಾಡಿ. ಆಗಾಗ ಗುಂಡು ತಳಕ್ಕೆ ತಾಗಿದ ಮಿಡಿತ ತಿಳಿಯುವಷ್ಟು ಮಾತ್ರ ತೂಕ ಕಟ್ಟಿ. ತಾಗದಿದ್ದರೆ ಇನ್ನೊಂದು ಗುಂಡು ಸೇರಿಸಿ, ಪದೇ ಪದೇ ಸಿಕ್ಕಿಕೊಂಡರೆ ಒಂದನ್ನು ತೆಗೆಯಿರಿ. ದಾರದ ಸಾಗಾಟ ಒಂದು ಕ್ಷಣ ನಿಂತರೂ ಕೋಲನ್ನು ಮೇಲೆತ್ತಿ. ಟ್ರೌಟ್ ಬಾಯಿಗೆ ಹಾಕಿಕೊಂಡದ್ದನ್ನು ಬೇಗನೆ ಉಗುಳಿಬಿಡುತ್ತದೆ. ಹಗುರವಾದ ಕೃತಕ ಕೀಟವನ್ನು ಭಾರದ ದಾರದಿಂದ ಎಸೆಯುವ ಫ್ಲೈ ಕೋಲು ಹಿಡಿಯುವವರು 2.7 ಮೀಟರ್ ಉದ್ದದ, 5ನೆಯ ಸಂಖ್ಯೆಯ ದಾರದ ಕೋಲಿನಿಂದ ಟ್ರೌಟ್‌ಗೂ, 6ರಿಂದ 8ನೆಯ ಸಂಖ್ಯೆಯದರಿಂದ ಬಾಸ್‌ಗೂ ಗಾಳ ಹಾಕಬಹುದು. ಎಳೆತವಿಲ್ಲದ ತೇಲಾಟದ ನಿಯಮ ಅಲ್ಲಿ ಇನ್ನೂ ಕಟ್ಟುನಿಟ್ಟು.

ಸ್ಮಾಲ್‌ಮೌತ್‌ನ ವಿಚಾರ ಬೇರೆ. ಅದು ಬೆನ್ನಟ್ಟಿ ಹಿಡಿಯುವ ಬೇಟೆಗಾರ. ಜಿಗ್ ಅನ್ನು ಸುಳಿಯ ಮೇಲ್ಬದಿಗೆ ಎಸೆದು, ತಳ ಮುಟ್ಟಲು ಬಿಟ್ಟು, ಕೋಲಿನ ತುದಿಯಿಂದ ಗೇಣುದ್ದ ಎತ್ತಿ ಮತ್ತೆ ಬೀಳಲು ಬಿಡಬೇಕು; ಹೆದರಿದ ಕ್ರೇಫಿಶ್ ಹಿಂದಕ್ಕೆ ಚಿಮ್ಮಿ ಮತ್ತೆ ತಳಕ್ಕೆ ಕೂರುವುದು ಹೀಗೆಯೇ. ಹೆಚ್ಚಿನ ಕಡಿತಗಳು ಜಿಗ್ ಬೀಳುತ್ತಿರುವಾಗ ಬರುತ್ತವೆ, ಆದ್ದರಿಂದ ಬೀಳುವಾಗಲೂ ದಾರ ಬಹುತೇಕ ಬಿಗಿಯಾಗಿರಲಿ. ಕ್ರ್ಯಾಂಕ್‌ಬೇಟ್ ಅನ್ನು ಕಲ್ಲಿಗೆ ತಾಗಿಸುತ್ತಲೇ ಸುತ್ತಿ, ತಾಗಿದಾಗ ಅರೆಕ್ಷಣ ನಿಲ್ಲಿಸಿ. ತೇಲುವ ಎರೆಯನ್ನು ಮುಂಜಾನೆ, ಮುಸ್ಸಂಜೆ, ಮೋಡದ ದಿನಗಳಲ್ಲಿ ಬಳಸಬೇಕು. ನೀರು ಚಿಮ್ಮಿದ್ದು ಕಂಡ ತಕ್ಷಣ ಎಳೆಯದೆ, ಮೀನಿನ ಭಾರ ಕೋಲಿಗೆ ತಿಳಿದ ಮೇಲೆ ಎಳೆಯಬೇಕು. ವಸಂತದಲ್ಲಿ ನೀರು 15ರಿಂದ 18 ಡಿಗ್ರಿ ಮುಟ್ಟಿದಾಗ ಗಂಡು ಸ್ಮಾಲ್‌ಮೌತ್ ತಳದಲ್ಲಿ ದುಂಡನೆಯ ಗೂಡು ಮಾಡಿ ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುತ್ತದೆ. ಆಗ ಅದು ಹತ್ತಿರ ಬಂದ ಯಾವುದನ್ನಾದರೂ ಕಚ್ಚುವುದರಿಂದ ಹಿಡಿಯುವುದು ಸುಲಭ. ಆದರೆ ಅದನ್ನು ಮೇಲೆತ್ತಿದ ಕೆಲವೇ ನಿಮಿಷಗಳಲ್ಲಿ ಇತರ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆಗಳನ್ನು ತಿಂದುಬಿಡಬಹುದು. ನಿಯಮ ಅನುಮತಿಸಿದರೂ ಗೂಡು ಕಾಯುವ ಮೀನಿಗೆ ಗಾಳ ಹಾಕಬಾರದೆಂಬುದು ನನ್ನ ವಿನಂತಿ.

ಎಂಟನೆಯ ಹೆಜ್ಜೆ: ಗಾಳ ನಾಟಿಸಿ ದಡಕ್ಕೆ ತರುವುದು

ಟ್ರೌಟ್‌ಗೆ ಕೋಲನ್ನು ಪಕ್ಕಕ್ಕೆ ಮೃದುವಾಗಿ ಎಳೆದರೆ ಚೂಪಾದ ಗಾಳ ತಾನೇ ನಾಟುತ್ತದೆ; ಜಿಗ್ ಕಚ್ಚಿದ ಬಾಸ್‌ಗೆ ಗಟ್ಟಿಯಾದ ಎಳೆತ ಬೇಕು. ಬಳಿಕ ಕೋಲು ಸದಾ ಬಾಗಿರಲಿ, ದಾರ ಬಿಗಿಯಾಗಿರಲಿ. ಮೀನು ಓಡಿದರೆ ಡ್ರ್ಯಾಗ್ ತನ್ನ ಕೆಲಸ ಮಾಡಲಿ; ಅದು ನಿಂತಾಗ ಕೋಲನ್ನು ಎತ್ತಿ, ಇಳಿಸುತ್ತ ಸುತ್ತಿಕೊಳ್ಳಿ. ಮೇಲಕ್ಕೆ ಎಳೆಯುವುದಕ್ಕಿಂತ ಕೋಲನ್ನು ನೀರಿಗೆ ಸಮಾಂತರವಾಗಿ ಮಲಗಿಸಿ ಪಕ್ಕದಿಂದ ಎಳೆದರೆ ಮೀನಿನ ಸಮತೋಲ ತಪ್ಪಿ ಬೇಗ ದಣಿಯುತ್ತದೆ. ಸ್ಮಾಲ್‌ಮೌತ್ ಮತ್ತು ರೇನ್‌ಬೋ ನೀರಿನಿಂದ ಮೇಲೆ ಹಾರುತ್ತವೆ. ಹಾರಿದ ಗಳಿಗೆಯಲ್ಲಿ ಕೋಲಿನ ತುದಿಯನ್ನು ತಗ್ಗಿಸಿದರೆ ದಾರ ತುಂಡಾಗುವುದಿಲ್ಲ. ಮೀನು ಕೆಳಗೆ ಹೋಗಿಬಿಟ್ಟರೆ ಅದನ್ನು ಸೆಳವಿನ ವಿರುದ್ಧ ಎಳೆದು ತರಲು ಯತ್ನಿಸದೆ ನೀವೇ ದಡದಲ್ಲಿ ಕೆಳಗೆ ನಡೆದು ಅದರ ಸಮಕ್ಕೆ ನಿಲ್ಲಿ. ಕೈಬಲೆಯನ್ನು ಮೊದಲೇ ನೀರಿನೊಳಗೆ ಮುಳುಗಿಸಿ ಹಿಡಿದು, ಮೀನನ್ನು ತಲೆ ಮುಂದಾಗಿ ಅದರ ಮೇಲೆ ತಂದು, ಅನಂತರ ಬಲೆಯನ್ನು ಎತ್ತಬೇಕು. ಬಲೆಯಿಂದ ಮೀನನ್ನು ಅಟ್ಟಿಸಿಕೊಂಡು ಹೋದರೆ ಅದು ತಪ್ಪಿಸಿಕೊಳ್ಳುವುದೇ ಹೆಚ್ಚು.

ಒಂಬತ್ತನೆಯ ಹೆಜ್ಜೆ: ಬಿಡುವುದು ಅಥವಾ ಇಟ್ಟುಕೊಳ್ಳುವುದು

ಬಿಡುವುದಾದರೆ ಆತುರವೇ ಕರುಣೆ. ಕೈ ಒದ್ದೆ ಮಾಡಿಕೊಳ್ಳಿ, ಏಕೆಂದರೆ ಒಣಕೈ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತುಹಾಕುತ್ತದೆ. ರೋಗಾಣುಗಳಿಂದ ಅದನ್ನು ಕಾಯುವುದು ಆ ಲೋಳೆ. ಮೀನು ಬಲೆಯಲ್ಲಿ, ನೀರಿನೊಳಗೇ ಇರುವಂತೆ ಇಕ್ಕಳದಿಂದ ಗಾಳ ತೆಗೆಯಿರಿ. ಕಿವಿರುಗಳನ್ನು ಮುಟ್ಟಬೇಡಿ, ಹೊಟ್ಟೆಯನ್ನು ಅದುಮಬೇಡಿ. ಚಿತ್ರ ತೆಗೆಯಲೇಬೇಕಾದರೆ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ ನೀರಿನಿಂದ ಹೊರಗಿಡಬಾರದು. ಗಾಳ ಗಂಟಲಿನ ಆಳಕ್ಕೆ ಇಳಿದಿದ್ದರೆ ಕಿತ್ತು ತೆಗೆಯದೆ ದಾರವನ್ನು ಬಾಯ ಬಳಿ ಕತ್ತರಿಸಿ ಬಿಟ್ಟರೆ ಮೀನು ಬದುಕುವ ಸಂಭವ ಹೆಚ್ಚು. ಬಳಿಕ ಮೀನನ್ನು ಹದವಾದ ಸೆಳವಿರುವ ನೀರಿನಲ್ಲಿ, ಮೇಲ್ಮುಖವಾಗಿ, ಹೊಟ್ಟೆಯಡಿ ಕೈಯಿಟ್ಟು ಹಿಡಿಯಿರಿ. ಅದು ತಾನಾಗಿ ಬಾಲ ಬೀಸಿ ಹೊರಟಾಗ ಕೈಬಿಡಿ. ನೀರು 20 ಡಿಗ್ರಿ ಮುಟ್ಟಿದ ಮೇಲೆ ಟ್ರೌಟ್‌ಗೆ ಗಾಳ ಹಾಕುವುದನ್ನೇ ನಿಲ್ಲಿಸಬೇಕು. ಎಷ್ಟೇ ಜೋಪಾನವಾಗಿ ಬಿಟ್ಟರೂ ಆ ಬಿಸಿಯಲ್ಲಿ ದಣಿದ ಟ್ರೌಟ್ ಕಣ್ಮರೆಯಾದ ಮೇಲೆ ಸಾಯಬಹುದು. ಅದನ್ನು ನಾವು ಕಾಣುವುದಿಲ್ಲವಷ್ಟೆ. ಬೆಳಗಿನ ಜಾವ ನೀರು ತಣ್ಣಗಿರುವಾಗ ಬನ್ನಿ, ಇಲ್ಲವೇ ಆ ದಿನ ಬಾಸ್‌ನ ಕಡೆ ತಿರುಗಿ.

ನಿಯಮದ ಮಿತಿಯೊಳಗೆ ತಿನ್ನಲು ಇಟ್ಟುಕೊಳ್ಳುವುದಾದರೆ, ತಲೆಯ ಮೇಲೆ, ಕಣ್ಣುಗಳಿಂದ ತುಸು ಹಿಂದೆ, ಸಣ್ಣ ದೊಣ್ಣೆಯಿಂದ ಒಂದೇ ಬಲವಾದ ಪೆಟ್ಟು ಕೊಟ್ಟು ತಕ್ಷಣ ಕೊಲ್ಲಬೇಕು. ದಾರಕ್ಕೆ ಪೋಣಿಸಿ ಗಂಟೆಗಟ್ಟಲೆ ಒದ್ದಾಡಿಸುವುದು ಕ್ರೂರ, ಮಾಂಸದ ರುಚಿಯೂ ಕೆಡುತ್ತದೆ. ಕರುಳು ಮತ್ತು ಕಿವಿರುಗಳನ್ನು ಬೇಗನೆ ತೆಗೆದು, ಬೆನ್ನೆಲುಬಿನ ಕೆಳಗಿನ ಕಪ್ಪು ರಕ್ತದ ಎಳೆಯನ್ನು ಹೆಬ್ಬೆರಳಿನಿಂದ ಉಜ್ಜಿ ತೊಳೆದು, ಮಂಜುಗಡ್ಡೆಯಲ್ಲಿ ಇಡಿ.

ಹತ್ತನೆಯ ಹೆಜ್ಜೆ: ಮರಳುವ ಮುನ್ನ

ತುಂಡಾದ ದಾರವನ್ನೆಲ್ಲ ಆರಿಸಿ ಚೀಲಕ್ಕೆ ಹಾಕಿಕೊಳ್ಳಿ. ಹಕ್ಕಿಗಳ ಕಾಲಿಗೆ ಸುತ್ತಿಕೊಂಡ ನೈಲಾನ್ ತಾನಾಗಿ ಬಿಡುವುದಿಲ್ಲ. ಬೂಟು, ವೇಡರ್, ಬಲೆಗಳ ಮೇಲಿನ ಕೆಸರನ್ನೂ ಪಾಚಿಯನ್ನೂ ಅದೇ ನದಿಯ ದಡದಲ್ಲಿ ತೊಳೆದು ತೆಗೆಯಬೇಕು. ಡಿಡಿಮೊ ಎಂಬ ಪಾಚಿ, ಮೀನುಗಳ ರೋಗಾಣುಗಳು, ಸಣ್ಣ ಬಸವನಹುಳುಗಳು ಒಂದು ನದಿಯಿಂದ ಇನ್ನೊಂದಕ್ಕೆ ಹೀಗೆ ಒದ್ದೆ ಸಾಮಾನಿನ ಜೊತೆಯಲ್ಲೇ ಸಾಗುತ್ತವೆ. ಉಣ್ಣೆಗಂಬಳಿಯಂಥ ಫೆಲ್ಟ್ ಅಟ್ಟೆಗಳು ಒಣಗಲು ಬಹಳ ಹೊತ್ತು ಹಿಡಿಯುವುದರಿಂದ ಕೆಲವು ಕಡೆ ಅವನ್ನು ನಿಷೇಧಿಸಿದ್ದಾರೆ. ಸಾಮಾನು ಮುಟ್ಟಿ ನೋಡಿದಾಗ ಪೂರ್ತಿ ಒಣಗಿದೆ ಎನಿಸಿದ ಮೇಲೂ ಎರಡು ದಿನ ಬಿಟ್ಟು ಇನ್ನೊಂದು ನದಿಗೆ ಒಯ್ಯಿರಿ. ರೀಲನ್ನು ಒದ್ದೆಬಟ್ಟೆಯಿಂದ ಒರೆಸಿ, ಡ್ರ್ಯಾಗ್‌ನ ತಿರುಪನ್ನು ಸಡಿಲಿಸಿ ಇಡಬೇಕು. ಬಿಗಿಯಾಗಿಯೇ ಬಿಟ್ಟರೆ ಒಳಗಿನ ಬಿಲ್ಲೆಗಳು ಅದುಮಿಹೋಗಿ, ಮುಂದಿನ ಸಲ ಮೀನು ಎಳೆದಾಗ ದಾರ ಸರಾಗವಾಗಿ ಬಿಡದೆ ಜಗ್ಗಿ ಜಗ್ಗಿ ಬಿಡುತ್ತದೆ.